ಹೊಳೆ ದಾಟಲು 13 ತಿಂಗಳು: ಸ್ವಾತಂತ್ರ್ಯದ ಹಬ್ಬ ಆಚರಿಸುವುದು ಹೇಗೆ?



ಆಗಸ್ಟ್ 15 ಬಂತೆಂದರೆ ನಮ್ಮ ಊರುಗಳಲ್ಲಿ ಏನಾಗುತ್ತದೆ? ಶಾಲೆ ಮುಂದೆ, ಪಂಚಾಯ್ತಿ ಮುಂದೆ ಝಂಡಾ ಏರುತ್ತದೆ. ಮಕ್ಕಳು ಘೋಷಣೆ ಕೂಗುತ್ತಾ ಓಣಿ ಸುತ್ತುತ್ತಾರೆ. ಸಿಹಿ ಹಂಚುತ್ತಾರೆ. ಹತ್ತು ಗಂಟೆಗೆಲ್ಲ ಮುಗೀತು. ಸೆಪ್ಟೆಂಬರ್ 17ಕ್ಕೆ ಮತ್ತೊಮ್ಮೆ ಧ್ವಜಾರೋಹಣ. "ಸಿಸ್ಟರ್, ಒಂದೇ ದೇಶಕ್ಕ ಎರಡು ಸಲ ಸ್ವಾತಂತ್ರ್ಯ ಯಾಕ ಬಂತು?" ಎಂದು ಸಂಘದ ಹೆಣ್ಣುಮಕ್ಕಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ.

ಎರಡು ದಂಡೆ, ಎರಡು ದಿನ

ದಢೇಸುಗೂರಿನ ಸೇತುವೆ ಮೇಲೆ ನಿಂತು ನೋಡಿ. ಈಚೆ ಸಿಂಧನೂರು ತಾಲ್ಲೂಕು, ಆಚೆ ಸಿರುಗುಪ್ಪ. 1947ರಲ್ಲಿ ಆಚೆ ದಂಡೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಈಚೆ ದಂಡೆ ಹೈದರಾಬಾದ್ ನಿಜಾಮರ ರಾಯಚೂರು ಜಿಲ್ಲೆ. ತುಂಗಭದ್ರೆಯೇ ಗಡಿ. ಆ ವರ್ಷ ಆಗಸ್ಟ್ 15ರಂದು ಆಚೆ ದಂಡೆಗೆ ಸ್ವಾತಂತ್ರ್ಯ ಬಂತು, ಈಚೆಗೆ ಬರಲಿಲ್ಲ. ನಿಜಾಮರು ಭಾರತಕ್ಕೆ ಸೇರಲು ಒಪ್ಪಲಿಲ್ಲ. ಸ್ವಾಮಿ ರಮಾನಂದ ತೀರ್ಥರ ಮುಂದಾಳುತನದಲ್ಲಿ ಚಳವಳಿ ನಡೆಯಿತು. ಅಳವಂಡಿ ಶಿವಮೂರ್ತಿಸ್ವಾಮಿಗಳು ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ಕಟ್ಟಿ ಹೋರಾಡಿದರು. ರಜಾಕಾರರ ಹಾವಳಿಗೆ ಅಂಜಿ ಎಷ್ಟೋ ಮನೆತನಗಳು ಊರು ಬಿಟ್ಟವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಬಂತು. 17ರಂದು ನಿಜಾಮರು ಶರಣಾದರು.

ಒಂದು ಹೊಳೆ ದಾಟಲು ಸ್ವಾತಂತ್ರ್ಯಕ್ಕೆ 13 ತಿಂಗಳು ಹಿಡಿಯಿತು!

ಇನ್ನೊಂದು ಮಾತನ್ನೂ ಮರೆಯಬಾರದು. ಸೈನ್ಯ ಬಂದ ಮೇಲೆ ಹೈದರಾಬಾದ್ ಸಂಸ್ಥಾನದ ಹಲವು ಕಡೆ ಏನೂ ತಪ್ಪು ಮಾಡದ ಮುಸ್ಲಿಂ ಕುಟುಂಬಗಳು ಸೇಡಿಗೆ ಬಲಿಯಾದವು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಇದನ್ನು ದಾಖಲಿಸಿದೆ. ಆದ್ದರಿಂದ ಈ ದಿನ ಯಾವ ಧರ್ಮದವರ ಮೇಲೂ ಹಗೆ ಸಾಧಿಸುವ ದಿನವಲ್ಲ.

ಯಾರ ಮನೆಗೆ ಇನ್ನೂ ಬಂದಿಲ್ಲ?

ಸ್ವಾತಂತ್ರ್ಯ ಎಲ್ಲರ ಮನೆಗೂ ಒಂದೇ ದಿನ ಬರುವುದಿಲ್ಲ ಎಂಬುದನ್ನು ನಮ್ಮ ಹೊಳೆಯೇ ಕಲಿಸಿದೆ. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಆದರೆ ಗುಡಿಯ ಹೊರಗೇ ನಿಲ್ಲಬೇಕಾದವರಿಗೆ ಅದು ತಲುಪಿದೆಯೇ? ಅಪ್ಪ-ಅವ್ವ ಗುಳೆ ಹೋದಾಗ ಶಾಲೆ ಬಿಟ್ಟ ಮಗುವಿಗೆ? ಕಾಗದ ಪತ್ರ ಸರಿಯಿಲ್ಲವೆಂದು ಪಿಂಚಣಿಗೆ ಅಲೆಯುವ ವಿಧವೆಗೆ? ಆ ಮನೆಗಳಿಗೆ ಸ್ವಾತಂತ್ರ್ಯ ಮುಟ್ಟಿಸುವುದೇ ನಿಜವಾದ ಆಚರಣೆ. ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ.

ನಾವು ಏನು ಮಾಡಬಹುದು?

1. ಸಂಜೆ ಸೇರಿ: ಆಗಸ್ಟ್ ನಮ್ಮಲ್ಲಿ ನೆಲ್ಲು ನಾಟಿಯ ಕಾಲ. ಬೆಳಗಿನ ಧ್ವಜಾರೋಹಣಕ್ಕೆ ಕೂಲಿ ಹೆಣ್ಣುಮಕ್ಕಳು ಬರುವುದು ಹೇಗೆ? ಅವರು ಹೊಲದಿಂದ ಬಂದ ಮೇಲೆ ಓಣಿಯಲ್ಲೇ ಒಂದು ಸಭೆ ಮಾಡಿ.

2. ಹಿರಿಯರನ್ನು ಮಾತಾಡಿಸಿ: 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ಸಮೀಪಿಸಿದೆ. ಆಗ ಏನು ಕಂಡಿರಿ, ಎಲ್ಲಿ ಅಡಗಿದಿರಿ, ಯಾರು ಅನ್ನ ಹಾಕಿದರು ಎಂದು ಮಕ್ಕಳು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ತಡಮಾಡಿದರೆ ಕೇಳಲು ಯಾರೂ ಇರುವುದಿಲ್ಲ.

3. ಸಂವಿಧಾನದ ಪ್ರಸ್ತಾವನೆ ಓದಿ: ಓದಿ ಬಿಟ್ಟರೆ ಸಾಲದು. ನ್ಯಾಯ, ಸಮಾನತೆ, ಭ್ರಾತೃತ್ವ ಅಂದರೆ ನಮ್ಮೂರಲ್ಲಿ ಏನು ಎಂದು ಮಾತಾಡಿ. ಕ್ಯಾಂಪುಗಳಲ್ಲಿ ತೆಲುಗಿನಲ್ಲಿ, ಬಂಗಾಳಿಯಲ್ಲಿ ಸಹ ಓದಿಸಿ. ಅವರೂ ಈ ದೇಶದ ಮಕ್ಕಳೇ.

4. ಒಂದು ಮನೆ, ಒಂದು ಕಾಗದ: ಪ್ರತಿ ಸಂಘ ಒಂದು ಮನೆ ಆರಿಸಿಕೊಳ್ಳಲಿ. 18 ತುಂಬಿದವರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ? ಮಗುವಿನ ಜನನ ನೋಂದಣಿ ಆಗಿದೆಯೇ? (21 ದಿನದೊಳಗೆ ಮಾಡಿಸಬೇಕು.) ಓದುವ ಮಕ್ಕಳಿಗೆ 371(ಜೆ) ಪ್ರಮಾಣಪತ್ರ ಇದೆಯೇ? 2012ರ ಸಂವಿಧಾನ ತಿದ್ದುಪಡಿ ನಮ್ಮ ಭಾಗಕ್ಕೆ ಕೊಟ್ಟ ಮೀಸಲಾತಿ ಆ ಪ್ರಮಾಣಪತ್ರ ಇಲ್ಲದೆ ಕೈಗೆ ಸಿಗದು. ಇಲ್ಲದ ಕಾಗದ ಮಾಡಿಸಿಕೊಡುವ ತನಕ ಬಿಡಬೇಡಿ.

5. ಗ್ರಾಮಸಭೆಗೆ ಹೋಗಿ: ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಬೇಕೆಂದು ಕಾನೂನೇ ಹೇಳುತ್ತದೆ. ಕುಡಿಯುವ ನೀರು, ಚರಂಡಿ, ಅಂಗನವಾಡಿ, ಏನೇ ಇರಲಿ, ಅಲ್ಲಿ ಬಾಯಿ ಬಿಟ್ಟು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

6. ಧ್ವಜಕ್ಕೆ ಗೌರವ: ಸಾಧ್ಯವಾದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ಧ್ವಜ ತನ್ನಿ. ನೂಲುವ, ಹೊಲಿಯುವ ಹೆಣ್ಣುಮಕ್ಕಳಿಗೆ ಕೆಲಸ ಸಿಗುತ್ತದೆ. ಪ್ಲಾಸ್ಟಿಕ್ ಧ್ವಜ ಬೇಡವೇ ಬೇಡ. ಮರುದಿನ ಅದು ಚರಂಡಿಯಲ್ಲಿ ಬಿದ್ದಿರುತ್ತದೆ.

ಆಗಸ್ಟ್ 15 ನಮಗೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವೂ ಹೌದು. ಅಂದಿನ ಶುಭಸಂದೇಶದಲ್ಲಿ ಮರಿಯಮ್ಮ ಬೆಟ್ಟದ ದಾರಿ ನಡೆದು ಎಲಿಜಬೇತಳ ಮನೆಗೆ ಹೋಗುತ್ತಾಳೆ. ಸಂತೋಷದ ಸುದ್ದಿ ಇದ್ದವಳು ಮನೆಯಲ್ಲಿ ಕೂರಲಿಲ್ಲ.

ಆಚೆ ದಂಡೆಗೆ 2047ರಲ್ಲಿ ನೂರು ತುಂಬುತ್ತದೆ, ನಮ್ಮ ದಂಡೆಗೆ 2048ರಲ್ಲಿ. ಅಷ್ಟರೊಳಗೆ ನಮ್ಮ ಓಣಿಯ ಕೊನೆಯ ಮನೆಗೂ ಸ್ವಾತಂತ್ರ್ಯ ಮುಟ್ಟಿರಬೇಕು. ಮುಂದಿನ ವಾರದ ಸಂಘದ ಸಭೆಯಲ್ಲೇ ಆ ಮನೆಯ ಹೆಸರು ಬರೆದುಕೊಳ್ಳಿ.