ಬಕೆಟ್ ನೀರು ಎಲ್ಲಿಗೆ ಹೋಗುತ್ತದೆ?

ನಮ್ಮ ಅಬ್ಬಾ ಬೆಂಗಳೂರಿನಲ್ಲಿ ಹೌಸ್‌ಕೀಪಿಂಗ್ ಕಾಂಟ್ರ್ಯಾಕ್ಟ್ ಮಾಡುತ್ತಾರೆ. ಮೂರು ಅಪಾರ್ಟ್‌ಮೆಂಟ್, ಎರಡು ಸಣ್ಣ ಆಫೀಸು, ಒಂದು ಶಾದಿ ಮಹಲ್. ಕೆಲಸ ಮಾಡುವವರು 22 ಜನ. ಕಾಮರ್ಸ್ ಸೇರಿದ ದಿನದಿಂದ ಭಾನುವಾರದ ಬಿಲ್ಲು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಫಿನಾಯಿಲ್, ಸೋಪ್ ಆಯಿಲ್, ಆಸಿಡ್, ಬ್ಲೀಚಿಂಗ್ ಪೌಡರ್, ಮಾಪ್, ಪೊರಕೆ, ಎಲ್ಲವನ್ನೂ ನಾನು ಖರ್ಚಿನ ಕಡೆ ಬರೆಯುತ್ತಿದ್ದೆ. ಡಬ್ಬಿ ಖಾಲಿಯಾದ ಮೇಲೆ ಅದರೊಳಗಿದ್ದದ್ದು ಎಲ್ಲಿಗೆ ಹೋಯಿತು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಕಳೆದ ವರ್ಷ ಒಂದು ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನಿಂದ ಪತ್ರ ಬಂದಾಗ ಕೇಳಬೇಕಾಯಿತು.

ಪತ್ರದಲ್ಲಿದ್ದದ್ದು ಇಷ್ಟು. ಅವರ ಎಸ್‌ಟಿಪಿ, ಅಂದರೆ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕ, ಕೆಟ್ಟು ನಾರುತ್ತಿದೆ. ಶುದ್ಧವಾದ ನೀರನ್ನು ಫ್ಲಶ್‌ಗೂ ಗಿಡಗಳಿಗೂ ಬಳಸುತ್ತಿದ್ದರು, ಈಗ ಟ್ಯಾಂಕರ್ ತರಿಸಬೇಕಾಗಿದೆ. ಕಾರಣ ನಿಮ್ಮ ಕೆಲಸದವರು ಸುರಿಯುವ ಆಸಿಡ್. ಟ್ಯಾಂಕರ್ ಹಣವನ್ನು ನಿಮ್ಮ ಬಿಲ್ಲಿನಲ್ಲಿ ಕಡಿತ ಮಾಡುತ್ತೇವೆ, ಕಾಂಟ್ರ್ಯಾಕ್ಟ್ ಮುಂದುವರಿಸುವುದನ್ನು ಆಮೇಲೆ ನೋಡೋಣ. ನಮ್ಮ ಆರು ಕಡೆಗಳಲ್ಲಿ ದೊಡ್ಡದು ಇದೇ. ಅದು ಕೈತಪ್ಪಿದರೆ ಎಂಟು ಜನರಿಗೆ ಬೇರೆ ಕೆಲಸ ಹುಡುಕಬೇಕು. ಅಬ್ಬಾ ಅವತ್ತು ರಾತ್ರಿ ಊಟಕ್ಕೆ ಕುಳಿತು ಅರ್ಧಕ್ಕೇ ಎದ್ದರು.

ಮಾರನೆಯ ದಿನ ಅವರ ಜೊತೆ ನಾನೂ ಹೋದೆ. ಎಸ್‌ಟಿಪಿ ಇರುವುದು ಎರಡನೇ ಬೇಸ್‌ಮೆಂಟಿನಲ್ಲಿ. ಅಲ್ಲಿನ ಆಪರೇಟರ್ ಅಣ್ಣ ರಾಯಚೂರು ಕಡೆಯವರು. ಜಗಳ ಆಗುತ್ತದೆ ಎಂದುಕೊಂಡಿದ್ದೆವು, ಆದರೆ ಅವರು ನಮಗೆ ಪಾಠ ಮಾಡಿದರು. "ಸಾಹೇಬ್ರ, ಇದು ಮಷೀನ್ ಅಲ್ರೀ, ಇದು ಹೊಟ್ಟಿ ಇದ್ದಂಗ. ಹೊಟ್ಟಿಗೆ ಆಸಿಡ್ ಹಾಕಿದ್ರ ಏನಾಗ್ತದ?" ಎಂದರು.

ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ಮನೆಗಳಿಂದ ಬಂದ ಕೊಳಚೆ ನೀರು ಒಂದು ದೊಡ್ಡ ತೊಟ್ಟಿಗೆ ಬೀಳುತ್ತದೆ. ಅದರ ತಳದಿಂದ ಬ್ಲೋವರ್ ಮೂಲಕ ಸದಾ ಗಾಳಿ ಬಿಡುತ್ತಾರೆ. ಆ ಗಾಳಿಯಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಬೆಳೆಯುತ್ತವೆ, ಒಂದಕ್ಕೊಂದು ಅಂಟಿಕೊಂಡು ಕಂದು ಬಣ್ಣದ ಕೆಸರಾಗುತ್ತವೆ, ಆಮೇಲೆ ತಳಕ್ಕೆ ಕೂರುತ್ತವೆ. ಮೇಲೆ ಉಳಿದ ತಿಳಿನೀರನ್ನು ಸೋಸಿ, ಕೊನೆಯಲ್ಲಿ ಸ್ವಲ್ಪ ಕ್ಲೋರಿನ್ ಹಾಕಿ ಬಳಸುತ್ತಾರೆ. ಅಣ್ಣ ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಅರ್ಧ ಗಂಟೆ ಇಟ್ಟರು. ಚೆನ್ನಾಗಿದ್ದಾಗ ಕೆಸರು ಕೆಳಗೆ ಕೂತು ಮೇಲಿನ ನೀರು ತಿಳಿಯಾಗುತ್ತದಂತೆ. ಅವತ್ತು ಅರ್ಧ ಗಂಟೆ ಕಳೆದರೂ ನೀರು ಕದಡಿದ ಹಾಗೇ ಇತ್ತು, ಮೇಲೆ ಬಿಳಿ ನೊರೆ.

ಈ ಬ್ಯಾಕ್ಟೀರಿಯಾಗಳು ತೀರಾ ಹುಳಿ ನೀರಿನಲ್ಲೂ ಬದುಕುವುದಿಲ್ಲ, ತೀರಾ ಕ್ಷಾರದಲ್ಲೂ ಬದುಕುವುದಿಲ್ಲ. ಬ್ಲೀಚಿಂಗ್ ಪೌಡರ್ ಇರುವುದೇ ಕ್ರಿಮಿ ಕೊಲ್ಲಲು. ಟಾಯ್ಲೆಟ್ಟಿನ ಕೆಟ್ಟ ಕ್ರಿಮಿ ಯಾವುದು, ತೊಟ್ಟಿಯ ಒಳ್ಳೆಯ ಕ್ರಿಮಿ ಯಾವುದು ಎಂದು ಅದಕ್ಕೆ ಗೊತ್ತಿಲ್ಲ. ಕೊನೆಯಲ್ಲಿ ಅಳತೆ ಮಾಡಿ ಹಾಕುವ ಕ್ಲೋರಿನ್ ನೀರನ್ನು ಶುದ್ಧ ಮಾಡುತ್ತದೆ, ಅದೇ ಕ್ಲೋರಿನ್ ಮೊದಲೇ ಬಂದು ಬಿದ್ದರೆ ಇಡೀ ಘಟಕ ಮಲಗುತ್ತದೆ. ಸತ್ತ ಬ್ಯಾಕ್ಟೀರಿಯಾ ಮತ್ತೆ ಬೆಳೆಯಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು.

ನಮ್ಮವರು ಮಾಡಿದ ತಪ್ಪು ಇಲ್ಲೇ ಗೊತ್ತಾಯಿತು. ಪ್ರತಿ ಶನಿವಾರ ಮಧ್ಯಾಹ್ನ 'ಡೀಪ್ ಕ್ಲೀನಿಂಗ್'. ಕ್ಲಬ್‌ಹೌಸ್, ಡ್ರೈವರ್‌ಗಳ ಟಾಯ್ಲೆಟ್, ಕಸದ ಕೋಣೆ, ಎಲ್ಲ ಕಡೆ ಒಂದೇ ಗಂಟೆಯಲ್ಲಿ ಆಸಿಡ್. ಬಕೆಟ್‌ನಲ್ಲಿ ಉಳಿದ ಬ್ಲೀಚಿಂಗ್ ನೀರು ಬೇಸ್‌ಮೆಂಟಿನ ಮೋರಿಗೆ. ಅದೇ ಪ್ರಮಾಣ ವಾರವಿಡೀ ಹಂಚಿ ಹೋಗಿದ್ದರೆ ಉಳಿದ ನೀರಿನೊಂದಿಗೆ ಬೆರೆತು ತೆಳುವಾಗುತ್ತಿತ್ತು. ಒಟ್ಟಿಗೆ ಹೋದದ್ದರಿಂದ ತೊಟ್ಟಿ ತಡೆಯಲಿಲ್ಲ. ಎಷ್ಟು ಸುರಿಯುತ್ತೇವೆ ಎನ್ನುವುದರ ಜೊತೆಗೆ ಯಾವಾಗ ಸುರಿಯುತ್ತೇವೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ ಎಂದು ನನಗೆ ಅವತ್ತೇ ತಿಳಿದದ್ದು.

ಇನ್ನೊಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಎರಡು ವರ್ಷದ ಹಿಂದೆ ನಮ್ಮಲ್ಲಿ ಕೆಲಸ ಮಾಡುವ ಒಬ್ಬರು (ನಾವು ಅವರನ್ನು ಖಾಲಾ ಎನ್ನುತ್ತೇವೆ) ಟಾಯ್ಲೆಟ್ ಬೇಗ ಬೆಳ್ಳಗಾಗಲಿ ಎಂದು ಬ್ಲೀಚಿಂಗ್ ನೀರು ಹಾಕಿ ಅದರ ಮೇಲೆಯೇ ಆಸಿಡ್ ಸುರಿದಿದ್ದರು. ಕಣ್ಣು ಉರಿದು, ಉಸಿರು ಕಟ್ಟಿ ಹೊರಗೆ ಓಡಿ ಬಂದರು. ಎರಡು ದಿನ ಕೆಮ್ಮು ನಿಲ್ಲಲಿಲ್ಲ. ಆ ಎರಡು ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಇದು ನಮ್ಮ ಸೈನ್ಸ್ ವಿಭಾಗದ ಗೆಳತಿಯರಿಗೆ ಗೊತ್ತಿರುವ ಸಂಗತಿ, 22 ಜನರಿಗೆ ಕೆಲಸ ಕೊಟ್ಟ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವತ್ತು ಡಾಕ್ಟರ್ ಫೀಸು ಕೊಟ್ಟೆವು, ಒಂದು ಪ್ಯಾಕೆಟ್ ಮಾಸ್ಕ್ ತಂದುಕೊಟ್ಟೆವು, ಸುಮ್ಮನಾದೆವು. ಬ್ಯಾಕ್ಟೀರಿಯಾ ಸತ್ತಾಗ ಪತ್ರ ಬಂತು, ಖಾಲಾ ಕೆಮ್ಮಿದಾಗ ಯಾರೂ ಪತ್ರ ಬರೆಯಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಎಸ್‌ಟಿಪಿ ನೋಡಿ ಬಂದ ಮೇಲೆ ನಾನು ಕ್ಯಾಲ್ಕುಲೇಟರ್ ಹಿಡಿದು ಖಾಲಾ ಹಿಂದೆ ಒಂದು ದಿನ ತಿರುಗಿದೆ. ನೆಲ ಒರೆಸುವ ಲಿಕ್ವಿಡ್ಡಿನ 5 ಲೀಟರ್ ಕ್ಯಾನಿನ ಮೇಲೆ 'ಒಂದು ಲೀಟರ್ ನೀರಿಗೆ 20 ಮಿ.ಲೀ.' ಎಂದು ಅಚ್ಚಾಗಿದೆ. ಅಂದರೆ 10 ಲೀಟರ್ ಬಕೆಟ್‌ಗೆ 200 ಮಿ.ಲೀ., ಒಂದು ಕ್ಯಾನಿಗೆ 25 ಬಕೆಟ್. ಖಾಲಾ ಕಣ್ಣಳತೆಯಲ್ಲಿ ಸುರಿದದ್ದನ್ನು ಅಮ್ಮಿಯ ಅಡುಗೆಮನೆಯ ಅಳತೆ ಲೋಟದಲ್ಲಿ ಹಿಡಿದು ನೋಡಿದರೆ 540 ಮಿ.ಲೀ. ಹಾಗಾದರೆ ಕ್ಯಾನಿಗೆ 9 ಬಕೆಟ್ ಮಾತ್ರ. ಕ್ಯಾನಿನ ಬೆಲೆ 450 ರೂಪಾಯಿ. ಬಕೆಟ್‌ಗೆ 18 ರೂಪಾಯಿ ಆಗಬೇಕಾದಲ್ಲಿ 50 ರೂಪಾಯಿ ಆಗುತ್ತಿತ್ತು. ಉಳಿದ 32 ರೂಪಾಯಿ ನೆಲವನ್ನು ಹೆಚ್ಚು ಸ್ವಚ್ಛ ಮಾಡಲಿಲ್ಲ, ಮೋರಿಗೆ ಹೋಯಿತು. ಜಾಸ್ತಿ ಹಾಕಿದ ಸೋಪು ನೆಲದ ಮೇಲೆ ಅಂಟಾಗಿ ಉಳಿಯುತ್ತದೆ, ಅದಕ್ಕೆ ಧೂಳು ಮೆತ್ತಿಕೊಳ್ಳುತ್ತದೆ, ಅದನ್ನು ತೆಗೆಯಲು ಇನ್ನೊಂದು ಬಕೆಟ್ ನೀರು.

ಅಳತೆಗೆ ನಾನು ಕಂಡುಕೊಂಡ ಉಪಾಯ ಶಾದಿ ಮಹಲ್‌ನಲ್ಲಿ ಊಟಕ್ಕೆ ಕೊಡುವ 200 ಮಿ.ಲೀ. ನೀರಿನ ಬಾಟಲಿ. ಒಂದು ಬಾಟಲಿ, ಒಂದು ಬಕೆಟ್. ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ. ಆಪರೇಟರ್ ಅಣ್ಣ ನೋಡಿ ಬೈದರು: "ಕುಡಿಯೋ ನೀರಿನ ಬಾಟ್ಲಿಯೊಳಗ ಕೆಮಿಕಲ್ ಇಡ್ತೀಯೇನವ್ವಾ? ಯಾರಾದ್ರೂ ಕುಡಿದ್ರ?" ಅವರು ಹೇಳಿದ್ದು ಸರಿ. ಈಗ ಪ್ಲಾಸ್ಟಿಕ್ ಅಳತೆ ಲೋಟಗಳನ್ನು ಕೊಂಡು, ಗುರುತಿನ ಗೆರೆಗೆ ಕೆಂಪು ಬಣ್ಣ ಬಳಿದು ಕೊಟ್ಟಿದ್ದೇವೆ. ಓದಲು ಬಾರದವರಿಗೂ ಕೆಂಪು ಗೆರೆ ಗೊತ್ತಾಗುತ್ತದೆ.

ಉಳಿದ ಬದಲಾವಣೆಗಳಲ್ಲಿ ಕೆಲವು ಸುಲಭವಾಗಿದ್ದವು. ಅಪಾರ್ಟ್‌ಮೆಂಟಿನಲ್ಲಿ ಬ್ಲೀಚಿಂಗ್ ಪೌಡರ್ ಕಸದ ಕೋಣೆಗೆ ಮಾತ್ರ, ಅದೂ ಅಳತೆಯಲ್ಲಿ. ಶನಿವಾರದ ಕೆಲಸವನ್ನು ಆರು ದಿನಕ್ಕೆ ಹಂಚಿದೆವು. ಆಸಿಡ್ ಬಿಡುವುದು ಮಾತ್ರ ಕಷ್ಟವಾಯಿತು. ಬೋರ್‌ವೆಲ್ ನೀರಿನ ಬಿಳಿ ಕಲೆ ಸುಣ್ಣದ ಕಲೆ, ಅದು ಆಸಿಡ್‌ಗೆ ತಕ್ಷಣ ಬಿಡುತ್ತದೆ. ಅದರ ಬದಲು ಸಿಟ್ರಿಕ್ ಆಸಿಡ್ ಪುಡಿ ಕಲಸಿ ಹಚ್ಚಬಹುದು, ನಿಂಬೆಹಣ್ಣಿನಲ್ಲಿರುವ ಅದೇ ಹುಳಿ. ಆದರೆ ಹಚ್ಚಿ 20 ನಿಮಿಷ ಕಾಯಬೇಕು, ಆಮೇಲೆ ಉಜ್ಜಬೇಕು. ಮಾರ್ಬಲ್ ಮೇಲೆ ಮಾತ್ರ ಎರಡೂ ಬೇಡ, ಮಾರ್ಬಲ್ ಕೂಡ ಸುಣ್ಣದ ಜಾತಿಯ ಕಲ್ಲೇ, ಹುಳಿ ತಾಗಿದರೆ ಹೊಳಪು ಹೋಗುತ್ತದೆ. ಮೈಕ್ರೋಫೈಬರ್ ಮಾಪ್‌ಗೆ ನೀರು ಕಡಿಮೆ ಸಾಕು. ಆದರೆ ಅದು ಪ್ಲಾಸ್ಟಿಕ್ ಎಳೆಯ ಬಟ್ಟೆ, ತೊಳೆದಾಗ ಸಣ್ಣ ಎಳೆಗಳು ನೀರಿಗೆ ಸೇರುತ್ತವೆ. ಪೂರ್ತಿ ಒಳ್ಳೆಯದು ಎನ್ನುವ ವಸ್ತು ನನಗೆ ಇನ್ನೂ ಸಿಕ್ಕಿಲ್ಲ. ಸೋಪು, ಡಿಟರ್ಜೆಂಟ್‌ಗಳಿಗೆ ಕೊಡುವ ಸರ್ಕಾರದ 'ಇಕೋಮಾರ್ಕ್' ಎಂಬ ಗುರುತು 1991ರಿಂದ ಇದೆ, ಅದರ ಚಿಹ್ನೆ ಮಣ್ಣಿನ ಮಡಕೆ. ನಾವು ಹೋದ ಹೋಲ್‌ಸೇಲ್ ಅಂಗಡಿಗಳಲ್ಲಿ ಆ ಮಡಕೆಯಿರುವ ಕ್ಯಾನ್ ಒಂದೂ ಕಾಣಲಿಲ್ಲ.

ಇದರಿಂದ ತುಂಬಾ ಲಾಭವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ಖರ್ಚಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಸಂಬಳ, ಪಿಎಫ್, ಇಎಸ್‌ಐಗೆ ಹೋಗುತ್ತದೆ. ಲಿಕ್ವಿಡ್‌ನಲ್ಲಿ ಉಳಿದದ್ದರಲ್ಲಿ ಅರ್ಧ ಗ್ಲೌಸ್, ಹೊಸ ಮಾಪ್‌ಗೆ ಹೋಯಿತು. 20 ನಿಮಿಷ ಕಾಯುವುದೂ ದುಡ್ಡೇ. ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ವ್ಯವಹಾರದ ಸಾಮಾಜಿಕ ಜವಾಬ್ದಾರಿಯ ಪಾಠವನ್ನು ಓದುವಾಗ ಇದೆಲ್ಲ ದೊಡ್ಡ ಫ್ಯಾಕ್ಟರಿಗಳ ವಿಷಯ ಎಂದುಕೊಂಡಿದ್ದೆ. ಟ್ಯಾಂಕರ್‌ನ ಬಿಲ್ಲು ಬರುವ ತನಕ ಎಸ್‌ಟಿಪಿಯ ನಷ್ಟ ನಮ್ಮ ಲೆಕ್ಕದ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ನಷ್ಟ ಆಗುತ್ತಲೇ ಇತ್ತು, ಬೇರೆಯವರ ಪುಸ್ತಕದಲ್ಲಿ.

ನಾವು ಎಣಿಸದೇ ಇದ್ದ ತೊಂದರೆ ಒಂದು ತಿಂಗಳ ಮೇಲೆ ಬಂತು. ಎಸ್‌ಟಿಪಿ ಸುಧಾರಿಸುತ್ತಿತ್ತು, ಆದರೆ ಮೇಲಿನ ಮಹಡಿಗಳಿಂದ ದೂರು: ಫಿನಾಯಿಲ್ ವಾಸನೆಯೇ ಬರುತ್ತಿಲ್ಲ, ಇವರು ಒರೆಸುತ್ತಾರೋ ಇಲ್ಲವೋ? ಖಾಲಾ ಮೊದಲೇ ಹೇಳಿದ್ದರು, "ವಾಸ್ ನೈ ಆಯೇ ತೋ ಸಾಫ್ ನೈ ಬೋಲ್ತೇಂ, ಬೇಟಾ." ವಾಸನೆ ಬರದಿದ್ದರೆ ಸ್ವಚ್ಛವಾಗಿಲ್ಲ ಎನ್ನುತ್ತಾರೆ ಎಂದು. ವಾಸನೆ ಬರುವುದು ಅದರಲ್ಲಿ ಹಾಕಿದ ಎಣ್ಣೆಯಿಂದ ಮತ್ತು ಸೆಂಟಿನಿಂದ, ಅದಕ್ಕೂ ಕೊಳೆ ಹೋಗುವುದಕ್ಕೂ ಸಂಬಂಧವಿಲ್ಲ. ಅಬ್ಬಾ ಎಸ್‌ಟಿಪಿಯ ಎರಡು ಜಾಡಿಗಳ ಫೋಟೋವನ್ನು, ಕದಡಿದ್ದು ಒಂದು, ತಿಳಿಯಾದದ್ದು ಒಂದು, ಪ್ರಿಂಟ್ ತೆಗೆಸಿ ಲಿಫ್ಟ್ ಪಕ್ಕ ಅಂಟಿಸಿದರು. ದೂರು ಕಡಿಮೆಯಾಯಿತು, ನಿಂತಿಲ್ಲ.

ಶಾದಿ ಮಹಲ್‌ನಲ್ಲಿ ತೋರಿಸಲು ಜಾಡಿಯೇ ಇಲ್ಲ, ಯಾಕೆಂದರೆ ಅಲ್ಲಿ ಎಸ್‌ಟಿಪಿ ಇಲ್ಲ. ಬಿರಿಯಾನಿಯ ಜಿಡ್ಡು, ಸೋಪು, ಆಸಿಡ್ ಎಲ್ಲ ನೇರವಾಗಿ ಒಳಚರಂಡಿಗೆ. ನಮ್ಮ ಕಡೆಯ ಒಳಚರಂಡಿ ನೀರಿನಲ್ಲಿ ಜಲಮಂಡಳಿಯ ಘಟಕ ತಲುಪಿದಷ್ಟು ಶುದ್ಧವಾಗುತ್ತದೆ, ದಾರಿಯಲ್ಲಿ ರಾಜಕಾಲುವೆಗೆ ತಪ್ಪಿಸಿಕೊಂಡದ್ದು ಬೆಳ್ಳಂದೂರು ಕೆರೆ ಸೇರುತ್ತದೆ. ಸುಮಾರು 900 ಎಕರೆಯ ಆ ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ, 2015ರಲ್ಲಿ ಆ ನೊರೆಗೇ ಬೆಂಕಿ ಹೊತ್ತಿತ್ತು. ಸೋಪಿನ ಕಣಕ್ಕೆ ಎರಡು ತುದಿ, ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು. ಗಾಳಿ ಸಿಕ್ಕಿದ ಕಡೆ ಬ್ಯಾಕ್ಟೀರಿಯಾ ಅದನ್ನು ಒಡೆಯುತ್ತದೆ. ಗಾಳಿಯಿಲ್ಲದ ಕೊಳೆತ ಕೆಸರಿನಲ್ಲಿ ಅದು ಹಾಗೇ ಕೂತಿರುತ್ತದೆ, ಮಳೆ ಬಂದು ಕೆಸರು ಕದಡಿ ನೀರು ಕೋಡಿಯಿಂದ ಧುಮುಕುವಾಗ ನೊರೆಯಾಗಿ ಏಳುತ್ತದೆ.

ಘಟಕದಲ್ಲಿ ಶುದ್ಧವಾದ ನೀರಿಗೂ ಒಂದು ಊರಿದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು 2018ರಿಂದ ಪೈಪಿನಲ್ಲಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಖಾಲಾ ಅವರ ತವರು ಕೋಲಾರದ ಹತ್ತಿರದ ಹಳ್ಳಿ. ಇದನ್ನು ನಾನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಇಲ್ಲಿ ಸುರಿದದ್ದು ನನ್ನ ತಮ್ಮನ ಟೊಮೆಟೊ ತೋಟಕ್ಕಾ?" ಎಂದು ಕೇಳಿದರು.

ಅಸೋಸಿಯೇಷನ್‌ನವರು ಟ್ಯಾಂಕರ್‌ನ ದುಡ್ಡು ಕಡಿತ ಮಾಡಿಯೇ ಮಾಡಿದರು, 14,000 ರೂಪಾಯಿ. ಕಾಂಟ್ರ್ಯಾಕ್ಟನ್ನು ವರ್ಷದ ಬದಲು ಆರು ತಿಂಗಳಿಗೆ ಮುಂದುವರಿಸಿದ್ದಾರೆ. ಮಹಲ್‌ನ ಮಾಲೀಕರು ಮಾತ್ರ ಒಪ್ಪಿಲ್ಲ. ರಾತ್ರಿ ಒಂದು ಫಂಕ್ಷನ್, ಬೆಳಗ್ಗೆ ಇನ್ನೊಂದು, 20 ನಿಮಿಷ ಕಾಯಲು ಯಾರಿಗೆ ಪುರುಸೊತ್ತು ಎನ್ನುತ್ತಾರೆ. ಆಸಿಡ್ ಬಾಟಲಿಗಳನ್ನು ಈಗ ಅವರೇ ತರಿಸಿಡುತ್ತಾರೆ. ಆ ಕೆಲಸ ಬಿಡಬೇಕೆಂದು ನಾನು ಹೇಳಿದೆ. ತಂಗಿಯ ಸ್ಕೂಲ್ ಫೀಸು ಬರುವುದು ಅದರಿಂದಲೇ ಎಂದು ಅಬ್ಬಾ ನೆನಪಿಸಿದರು. ಈ ಭಾನುವಾರ ಅಲ್ಲೊಂದು ನಿಕಾಹ್ ಇದೆ. ಖಾಲಾ ಸಿಟ್ರಿಕ್ ಆಸಿಡ್ ಪುಡಿಯ ಡಬ್ಬಿಯನ್ನು ತಮ್ಮ ಚೀಲದಲ್ಲೇ ಇಟ್ಟುಕೊಂಡು, ಅರ್ಧ ಗಂಟೆ ಮೊದಲೇ ಹೋಗುತ್ತೇನೆ ಎಂದಿದ್ದಾರೆ. ಆ ಅರ್ಧ ಗಂಟೆಯ ಸಂಬಳವನ್ನು ನಾನು ಬಿಲ್ಲಿನಲ್ಲಿ ಸೇರಿಸಿದ್ದೇನೆ.