ಉದ್ಯಾನ ಕಾಯುವವರ ಕಣ್ಣು ಕಾಯುವವರಾರು?

2024ರ ಮಳೆಗಾಲದ ಒಂದು ಬೆಳಿಗ್ಗೆ, ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದ ಉದ್ಯಾನದಲ್ಲಿ ಕಳೆ ಕತ್ತರಿಸುವ ಯಂತ್ರದ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಬೇಲಿಗಿಡಗಳ ಬುಡ ಸವರುತ್ತಿದ್ದ ಮಾಲಿ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ನೆಲದ ಮೇಲೆ ಕುಳಿತಿದ್ದರು. ಯಂತ್ರದ ತುದಿಯಲ್ಲಿ ಸುತ್ತುವ ನೈಲಾನ್ ದಾರಕ್ಕೆ ಸಿಕ್ಕ, ಕಡಲೆಕಾಳಿನಷ್ಟು ದಪ್ಪದ ಕಲ್ಲೊಂದು ಸಿಡಿದು ಕಣ್ಣಿಗೆ ಬಡಿದಿತ್ತು. ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಆಸ್ಪತ್ರೆಯ ಅಲೆದಾಟ ಎಲ್ಲವೂ ಮುಗಿದ ಮೇಲೆ ವೈದ್ಯರು ಹೇಳಿದ್ದು ಒಂದೇ ಮಾತು: ಆ ಕಣ್ಣಿಗೆ ದೃಷ್ಟಿ ಮರಳುವುದಿಲ್ಲ.

ಆಗ ನಾನು ನಿವಾಸಿಗಳ ಸಂಘದ ಕಾರ್ಯದರ್ಶಿ. ಉದ್ಯಾನ ನಿರ್ವಹಣೆಯ ಗುತ್ತಿಗೆ ಪತ್ರಕ್ಕೆ ಸಹಿ ಹಾಕಿದವನೂ ನಾನೇ. ಅಪಘಾತವಾದ ರಾತ್ರಿ ಅದನ್ನು ತೆಗೆದು ಮತ್ತೊಮ್ಮೆ ಓದಿದೆ. ಬೇಲಿಯ ಎತ್ತರ ಮೂರು ಅಡಿ ಮೀರಕೂಡದು, ಅಂಚು ನೇರವಾಗಿರಬೇಕು, ಹದಿನೈದು ದಿನಕ್ಕೊಮ್ಮೆ ಹುಲ್ಲು ಕತ್ತರಿಸಬೇಕು, ಕಸವನ್ನು ಅಂದೇ ಸಾಗಿಸಬೇಕು ಎಂದೆಲ್ಲ ಅದರಲ್ಲಿತ್ತು. ಗಿಡದ ಬಗ್ಗೆ ಇಷ್ಟೊಂದು ಕಾಳಜಿ ತೋರಿದ್ದ ಆ ಎರಡು ಪುಟಗಳಲ್ಲಿ ಗಿಡ ಕತ್ತರಿಸುವ ಮನುಷ್ಯನ ಬಗ್ಗೆ ಒಂದು ಸಾಲೂ ಇರಲಿಲ್ಲ. ಬಂದ ದರಪಟ್ಟಿಗಳಲ್ಲಿ ಅತಿ ಕಡಿಮೆಯದನ್ನು ಆರಿಸಿದ್ದೆವು. ಅದು ಹೇಗೆ ಅಷ್ಟು ಕಡಿಮೆಯಾಯಿತೆಂದು ಯಾರೂ ಕೇಳಿರಲಿಲ್ಲ.

ಅಪಘಾತಕ್ಕೆ ಕೆಲವು ತಿಂಗಳ ಮೊದಲು ನಾನು ಅವರನ್ನು, ‘ಕನ್ನಡಕ ಹಾಕಿಕೊಳ್ಳಬಾರದೇನಪ್ಪಾ?’ ಎಂದು ಕೇಳಿದ್ದುಂಟು. ರಾಯಚೂರು ಕಡೆಯ ಆ ಮನುಷ್ಯ ನಕ್ಕು, ‘ರೂಢಿ ಆಗ್ಯದ್ರಿ ಸರ, ಏನೂ ಆಗೂದಿಲ್ಲ’ ಎಂದಿದ್ದರು. ಆ ಉತ್ತರ ನನಗೆ ಹಿತವಾಗಿತ್ತು. ಏಕೆಂದರೆ ಅದರಿಂದ ಸಂಘಕ್ಕೆ ಯಾವ ಖರ್ಚೂ ಇರಲಿಲ್ಲ.

1760ರಲ್ಲಿ ಹೈದರಾಲಿ ಲಾಲ್‌ಬಾಗ್‌ಗೆ ಅಡಿಪಾಯ ಹಾಕಿದಂದಿನಿಂದಲೂ ಈ ಊರಿನ ಹೆಮ್ಮೆ ಉದ್ಯಾನಗಳೇ. ಅರಸರ ಹೆಸರು ನಮಗೆ ಗೊತ್ತು, ಕೃಂಬಿಗಲ್ ಅವರಂಥ ತಜ್ಞರ ಹೆಸರೂ ಗೊತ್ತು. ಕತ್ತರಿ ಹಿಡಿದವರ ಹೆಸರು ಮಾತ್ರ ಎಲ್ಲಿಯೂ ದಾಖಲಾಗಿಲ್ಲ. ಇಂದು ತೋಟದ ಕೆಲಸ ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳನ್ನು ದಾಟಿ ವಸತಿ ಸಮುಚ್ಚಯ, ತಂತ್ರಾಂಶ ಕಂಪನಿಗಳ ಆವರಣ, ರಸ್ತೆ ವಿಭಜಕಗಳವರೆಗೆ ಹಬ್ಬಿದೆ. ಕೈಗತ್ತರಿ ಮತ್ತು ಕುಡುಗೋಲಿನ ಜಾಗಕ್ಕೆ ಪೆಟ್ರೋಲ್ ಯಂತ್ರ ಬಂದಿದೆ. ಯಂತ್ರ ಬಂದ ವೇಗದಲ್ಲಿ ಅದನ್ನು ಬಳಸುವ ಶಿಸ್ತು ಬರಲಿಲ್ಲ.

ಈ ಯಂತ್ರಗಳ ಕೈಪಿಡಿ ತೆರೆದು ನೋಡಿ. ಕಳೆ ಕತ್ತರಿಸುವಾಗ ಸುತ್ತ 15 ಮೀಟರ್ ಒಳಗೆ ಬೇರೆ ಯಾರೂ ಇರಕೂಡದು ಎಂದು ಸಾಮಾನ್ಯವಾಗಿ ಅದರಲ್ಲಿರುತ್ತದೆ. ನಮ್ಮಲ್ಲಿ ಅದೇ ಹೊತ್ತಿಗೆ ಪಕ್ಕದಲ್ಲೇ ಮಕ್ಕಳು ಶಾಲಾ ಬಸ್ಸಿಗೆ ಕಾಯುತ್ತಿರುತ್ತಾರೆ. ಬೇಲಿ ಕತ್ತರಿಸುವ ಯಂತ್ರದ ಅಲಗುಗಳ ನಡುವೆ ಕಡ್ಡಿ ಸಿಕ್ಕಿಕೊಂಡಾಗ ಎಂಜಿನ್ ಆರಿಸಿದ ನಂತರವೇ ಕೈಹಾಕಬೇಕು. ಮತ್ತೆ ಚಾಲೂ ಮಾಡುವ ತಾಪತ್ರಯಕ್ಕೆ ಬೇಸತ್ತು ಹಾಗೆಯೇ ಬೆರಳು ತೂರಿಸುವವರನ್ನು ನಾನೇ ಕಂಡಿದ್ದೇನೆ.

ಕಣ್ಣು, ಬೆರಳಿನ ಗಾಯವಾದರೂ ಕಾಣುತ್ತದೆ. ಕಿವಿಯದು ಕಾಣುವುದಿಲ್ಲ. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬಲ್ ಮಿತಿ ಎನ್ನುತ್ತದೆ ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್ ತಲುಪಿದರೆ ಉಳಿಯುವುದು ಹದಿನೈದೇ ನಿಮಿಷ. ಪೆಟ್ರೋಲ್ ಯಂತ್ರಗಳು ಆ ಮಟ್ಟದ ಆಸುಪಾಸಿನಲ್ಲೇ ಸದ್ದು ಮಾಡುತ್ತವೆ, ನಮ್ಮ ಮಾಲಿಗಳು ಅದನ್ನು ಗಂಟೆಗಟ್ಟಲೆ ಹೆಗಲಿಗೆ ತೂಗಿಕೊಂಡಿರುತ್ತಾರೆ. ಕಂಪನದ್ದು ಇನ್ನೊಂದು ಕಥೆ. ಕಂಪಿಸುವ ಉಪಕರಣ ಹಿಡಿದವರ ಬೆರಳುಗಳು ಜೋಮು ಹಿಡಿದು, ಚಳಿಗೆ ಬಿಳಿಚಿಕೊಳ್ಳುವುದನ್ನು ವೈದ್ಯೆ ಅಲೈಸ್ ಹ್ಯಾಮಿಲ್ಟನ್ 1918ರಲ್ಲೇ ಇಂಡಿಯಾನಾದ ಕಲ್ಲುಕುಟಿಗರಲ್ಲಿ ಗುರುತಿಸಿದ್ದರು. ನೂರು ವರ್ಷ ಹಳೆಯ ಈ ತಿಳಿವಳಿಕೆ ನಮ್ಮ ಉದ್ಯಾನದ ಗೇಟು ದಾಟಿ ಒಳಬಂದಿಲ್ಲ.

ಗಿಡಗಳೂ ನಿರಪಾಯಕಾರಿಯಲ್ಲ. ಬೇಲಿಗೆಂದು ಬೆಳೆಸುವ ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಉರಿತ ಅಸಹನೀಯ. ಕಣಗಿಲೆಯ ಪ್ರತಿಯೊಂದು ಭಾಗವೂ ವಿಷ. ಪಾರ್ಥೇನಿಯಂ ಕಿತ್ತವರಿಗೆ ಚರ್ಮದ ಅಲರ್ಜಿ ಅಂಟಿಕೊಂಡರೆ ವರ್ಷಗಳು ಬಿಡದು. ಮಣ್ಣು ಮೆತ್ತಿದ ಮುಳ್ಳು ಚುಚ್ಚಿದರೆ ಧನುರ್ವಾಯುವಿನ ಭಯ. ಇನ್ನು ಕೀಟನಾಶಕ. ಡಬ್ಬಿಯ ಮೇಲಿನ ತ್ರಿಕೋನದ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ವಿಷದ ತೀವ್ರತೆಯನ್ನು ಇಳಿಕೆಯ ಕ್ರಮದಲ್ಲಿ ಸೂಚಿಸುತ್ತವೆ. ಸಿಂಪಡಿಸುವವರಿಗೆ ರಕ್ಷಣಾ ಉಡುಪು ಇರಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ನಮ್ಮ ಆವರಣದಲ್ಲಿ ಆ ಉಡುಪು ಎಂದರೆ ಮೂಗಿಗೆ ಕಟ್ಟಿದ ಒಂದು ಟವೆಲು.

ಕಾನೂನು ಏನು ಹೇಳುತ್ತದೆ? 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಆದರೆ ಅದು ಸಾಮಾನ್ಯವಾಗಿ ಅನ್ವಯಿಸುವುದು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ. ಇಬ್ಬರು ಮೂವರನ್ನು ಕಟ್ಟಿಕೊಂಡು ತೋಟದ ಕೆಲಸ ಹಿಡಿಯುವ ಸಣ್ಣ ಗುತ್ತಿಗೆದಾರ ಈ ಲೆಕ್ಕದಿಂದ ಹೊರಗುಳಿಯುತ್ತಾನೆ. ಕಾನೂನಿನ ಕೈ ಎಟುಕದ ಕಡೆ ಉಳಿಯುವುದು ಕೆಲಸ ಮಾಡಿಸಿಕೊಳ್ಳುವವರ ಹೊಣೆ, ಅಂದರೆ ನಮ್ಮ ಹೊಣೆ.

ನನ್ನನ್ನು ಇಂದಿಗೂ ಚುಚ್ಚುವುದು ಒಂದು ಸಣ್ಣ ಲೆಕ್ಕ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಿಂದ ಇದೆ. ವಾರ್ಷಿಕ ಕಂತು 20 ರೂಪಾಯಿ. ಅಪಘಾತದಲ್ಲಿ ಮೃತಪಟ್ಟರೆ 2 ಲಕ್ಷ, ಒಂದು ಕಣ್ಣಿನ ದೃಷ್ಟಿ ಪೂರ್ತಿಯಾಗಿ ಹೋದರೆ 1 ಲಕ್ಷ ರೂಪಾಯಿ. ನಮ್ಮ ಮಾಲಿಗೆ ಬ್ಯಾಂಕ್ ಖಾತೆ ಇತ್ತು. ಅದರಿಂದ ವರ್ಷಕ್ಕೆ 20 ರೂಪಾಯಿ ಕಡಿತಕ್ಕೆ ಒಂದು ಅರ್ಜಿ ಸಾಕಿತ್ತು. ಹೇಳುವವರಿರಲಿಲ್ಲ. ಕೊನೆಗೆ ಮನೆಮನೆಯಿಂದ ಚಂದಾ ಎತ್ತಿ ಕೊಟ್ಟೆವು. ಹಕ್ಕಾಗಿ ಬರಬಹುದಾಗಿದ್ದ ಹಣವನ್ನು ಅವರು ದಾನವೆಂದು ಕೈಚಾಚಿ ಪಡೆಯಬೇಕಾಯಿತು.

ಮರುವರ್ಷದ ಗುತ್ತಿಗೆಯನ್ನು ನಾವು ಬದಲಿಸಿದೆವು. ಕಣ್ಣಿನ ಕವಚ, ಕಿವಿಯ ಮುಚ್ಚಳ, ಕೈಗವಸು, ಗಟ್ಟಿ ಬೂಟು ಸಂಘದ ಖರ್ಚಿನಲ್ಲೇ. ಯಂತ್ರ ಚಾಲೂ ಮಾಡುವ ಮುನ್ನ ನೆಲದ ಕಲ್ಲು, ತಂತಿ ಆರಿಸಬೇಕು. ಒಬ್ಬರೇ ದಿನವಿಡೀ ಯಂತ್ರ ಹೊರದೆ ಸರದಿಯಲ್ಲಿ ಹಿಡಿಯಬೇಕು. ಪ್ರತಿ ಕೆಲಸಗಾರರಿಗೂ ವಿಮೆ, ಧನುರ್ವಾಯು ಚುಚ್ಚುಮದ್ದು ಆಗಿರಬೇಕು. ‘ಇದೆಲ್ಲ ಗುತ್ತಿಗೆದಾರನ ತಲೆನೋವಲ್ಲವೇ?’ ಎಂದು ಸಭೆಯಲ್ಲಿ ಹಿರಿಯರೊಬ್ಬರು ಆಕ್ಷೇಪಿಸಿದರು. ಲೆಕ್ಕ ಹಾಕಿದಾಗ ಮನೆಯೊಂದಕ್ಕೆ ತಿಂಗಳಿಗೆ ಹತ್ತು ರೂಪಾಯಿಯೂ ಹೆಚ್ಚಾಗಲಿಲ್ಲ. ಮತ್ತೆ ಯಾರೂ ಮಾತನಾಡಲಿಲ್ಲ.

ಆ ಮಾಲಿ ಈಗಲೂ ನಮ್ಮಲ್ಲೇ ಇದ್ದಾರೆ. ಯಂತ್ರ ಮುಟ್ಟುವುದಿಲ್ಲ, ಗಿಡಗಳಿಗೆ ನೀರು ಹಾಯಿಸುತ್ತಾರೆ. ಹೊಸದಾಗಿ ಸೇರಿದ ಹುಡುಗ ಮೊನ್ನೆ ಸೆಕೆಗೆ ಕಣ್ಣಿನ ಕವಚವನ್ನು ಹಣೆಯ ಮೇಲಕ್ಕೆ ಸರಿಸಿಕೊಂಡಿದ್ದ. ಅವರು ನೀರಿನ ಪೈಪನ್ನು ಕೆಳಗಿಟ್ಟು ಹೋಗಿ, ಒಂದೂ ಮಾತನಾಡದೆ ಅದನ್ನು ಮತ್ತೆ ಅವನ ಕಣ್ಣಿನ ಮೇಲೆ ಇಳಿಸಿ ಬಂದರು. ಎರಡು ವರ್ಷ ಮೊದಲೇ ನಾನು ಮಾಡಬೇಕಿದ್ದ ಕೆಲಸವದು.