ಕಡಲಡಿಯಲ್ಲಿ ಬೆಂದ ಕಾಡು

ಪುಣೆಯ ಯಾವುದಾದರೂ ಮನೆಯಲ್ಲಿ ಕೊಳವೆ ಗ್ಯಾಸಿನ ಒಲೆ ಹಚ್ಚಿ, ಆ ನೀಲಿ ಉರಿಯನ್ನು ಬಗ್ಗಿ ನೋಡಿ. ಅಲ್ಲಿ ಉರಿಯುತ್ತಿರುವುದು ಮೀಥೇನ್. ಒಂದೊಂದು ಅಣುವಿನಲ್ಲೂ ಒಂದು ಇಂಗಾಲ, ನಾಲ್ಕು ಜಲಜನಕ. ಆ ಇಂಗಾಲ ಕೋಟ್ಯಂತರ ವರ್ಷಗಳ ಹಿಂದೆ ಎಲೆಯಾಗಿತ್ತು, ಪಾಚಿಯಾಗಿತ್ತು, ಬಿಸಿಲು ಕುಡಿದಿತ್ತು!

ಪುಣೆಯ ನೆಲದಡಿಯಲ್ಲಿ ಹುಡುಕಿದರೆ ಈ ಅನಿಲ ಸಿಗದು. ಅಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾದ ಕಪ್ಪು ಬಸಾಲ್ಟ್. ದಕ್ಷಿಣಕ್ಕೆ ಕೊಯ್ನಾ ಬಳಿ ವಿಜ್ಞಾನಿಗಳು ಕೊರೆದಾಗ 900 ಮೀಟರಿಗೂ ಹೆಚ್ಚು ಬರೀ ಲಾವಾ ಪದರಗಳು, ಅದರ ಕೆಳಗೆ ನೇರ ಗ್ರಾನೈಟ್. ನಡುವೆ ಕೆಸರಿನ ಪದರವೇ ಇಲ್ಲ. ಕೆಸರಿಲ್ಲದ ಮೇಲೆ ಎಲೆ ಹೂತುಕೊಳ್ಳುವುದೆಲ್ಲಿ?

ಆದರೆ ಇದೇ ಬಸಾಲ್ಟ್ ಸಹ್ಯಾದ್ರಿ ಇಳಿದು, ಕೊಂಕಣ ದಾಟಿ, ಅರಬ್ಬಿ ಸಮುದ್ರದ ಕೆಳಗೂ ಹಾಸಿಕೊಂಡಿದೆ. ಮುಂಬೈ ಕಡಲಿನ ತೈಲ ಜಲಾನಯನಕ್ಕೆ ಎಷ್ಟೋ ಕಡೆ ಇದೇ ತಳಪಾಯ! ಲಾವಾ ತಣಿದ ಬಳಿಕ ಭೂಖಂಡದ ಅಂಚು ಕುಸಿಯಿತು, ತಗ್ಗುಗಳಾದವು. ನದಿಗಳು ಹೂಳಿನ ಜೊತೆ ಕಾಡಿನ ಕಸವನ್ನೂ ತಂದು ಸುರಿದವು. ಆಮ್ಲಜನಕ ತಾಗದ ಆ ಕೆಸರಿನಲ್ಲಿ ಎಲೆ, ತೊಗಟೆ, ಪರಾಗ ಪೂರ್ತಿ ಕೊಳೆಯಲಿಲ್ಲ. ಭೂವಿಜ್ಞಾನಿಗಳು ಪನ್ನಾ ಸ್ತರ ಎನ್ನುವ ಜೇಡಿಶಿಲೆ ಅದೇ.

ಮುಂದಿನದು ಇನ್ನೂ ಬೆರಗಿನದು. ಮೇಲೆ ಹೂಳು ಬಿದ್ದಂತೆಲ್ಲ ಪದರ ಆಳಕ್ಕಿಳಿಯಿತು. ಸಾಮಾನ್ಯವಾಗಿ ಒಂದೊಂದು ಕಿಲೋಮೀಟರಿಗೆ 25–30 ಡಿಗ್ರಿ ಕಾವು ಏರುತ್ತದೆ. ಜೀವಾವಶೇಷ ಮೊದಲು ಕೆರೋಜೆನ್ ಎಂಬ ಕಪ್ಪು ಘನವಾಗುತ್ತದೆ. 60 ಡಿಗ್ರಿ ದಾಟಿದರೆ ಎಣ್ಣೆ ಒಸರಲು ತೊಡಗುತ್ತದೆ. 120–150 ಡಿಗ್ರಿ ಮೀರಿದರೆ ಉದ್ದನೆಯ ಇಂಗಾಲದ ಸರಪಳಿಗಳು ತುಂಡುತುಂಡಾಗಿ ಅನಿಲವೇ ಹೆಚ್ಚುತ್ತದೆ. ನೆಲದ ಗಿಡಮರಗಳ ಅವಶೇಷವಂತೂ ಅನಿಲದ ಕಡೆಗೇ ವಾಲುತ್ತದೆ. ಬೆಂಕಿಯಿಲ್ಲ, ಹೊಗೆಯಿಲ್ಲ, ಸಣ್ಣ ಕಾವು, ಲಕ್ಷಾಂತರ ವರ್ಷಗಳ ತಾಳ್ಮೆ!

ಹುಟ್ಟಿದ ಅನಿಲ ಸುಮ್ಮನಿರದು. ನೀರಿಗಿಂತ ಹಗುರ, ಬಿರುಕು ಸಿಕ್ಕಲ್ಲೆಲ್ಲ ಮೇಲೇರುತ್ತದೆ. ಮುಂಬೈ ಕಡಲಿನಲ್ಲಿ ಅದಕ್ಕೆ ದಾರಿಯಲ್ಲಿ ಸಿಕ್ಕಿದ್ದು ಸಮುದ್ರಜೀವಿಗಳ ಚಿಪ್ಪುಗಳಿಂದಾದ ಸುಣ್ಣಕಲ್ಲು. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಅನಿಲ ತುಂಬಿಕೊಂಡಿತು. ಮೇಲೆ ಬಿಗಿಯಾದ ಜೇಡಿಶಿಲೆ ಮುಚ್ಚಳವಾಯಿತು. ನೆಲದಡಿಯಲ್ಲಿ ಅನಿಲದ ದೊಡ್ಡ ಗುಹೆಯಿದೆಯೆಂದು ಎಣಿಸುವವರೇ ಹೆಚ್ಚು. ಗುಹೆಯೇನೂ ಇಲ್ಲ, ಇಡೀ ಸಂಪತ್ತು ಕಲ್ಲಿನ ರಂಧ್ರಗಳೊಳಗೇ! 1974ರಲ್ಲಿ ‘ಸಾಗರ್ ಸಮ್ರಾಟ್’ ಎಂಬ ಕೊರೆಯುವ ನೌಕೆ ಇದೇ ಕಡಲಿನ ಮುಂಬೈ ಹೈ ಎಂಬಲ್ಲಿ ಎಣ್ಣೆ ಮುಟ್ಟಿತು. 1976ರಲ್ಲಿ ಅದೇ ಕಡಲಿನ ಬಸ್ಸೇನ್‌ನ ಭಾರಿ ಅನಿಲ ನಿಕ್ಷೇಪ ಸಿಕ್ಕಿತು.

ದೇಶದ ಕೊಳವೆಜಾಲದಲ್ಲಿ ಈ ಕಡಲ ಅನಿಲದ ಜೊತೆ ಹಡಗಿನಲ್ಲಿ ಬಂದ ಪರದೇಶದ ಅನಿಲವೂ ಬೆರೆಯುತ್ತದೆ. ಕೊಂಕಣದ ದಾಭೋಳದಿಂದ ಬೆಳಗಾವಿ, ಧಾರವಾಡ ಹಾದು ಬೆಂಗಳೂರಿಗೆ 2013ರಲ್ಲಿ ಬಂದ ಕೊಳವೆಯದೂ ಅದೇ ಕಥೆ. ಎಲ್ಲಿಯದೇ ಆಗಲಿ, ಹುಟ್ಟು ಬಹುಪಾಲು ಇದೇ ಬಗೆಯದು.

ಪುಣೆಗೆ ಹೋದರೆ ಜಂಗ್ಲಿ ಮಹಾರಾಜ್ ರಸ್ತೆಯ ಪಾತಾಳೇಶ್ವರ ಗುಹೆಯನ್ನು ತಪ್ಪದೆ ನೋಡಿ. ಆ ದೇಗುಲವನ್ನು ಕೊರೆದಿರುವುದು ಪುಣೆಯ ನೆಲದಡಿಯ ಅದೇ ಕಪ್ಪು ಲಾವಾ ಕಲ್ಲಿನಲ್ಲಿ.